ನನ್ನ ಬಗ್ಗೆ ನನಗೇ ಗೊತ್ತಿಲ್ಲವಾ?

ಪ್ರಶ್ನೆ: ನನಗೆ ಅರವತ್ತು ದಾಟಿದೆ. ಸುಗಮ ಸಂಗೀತ ಹಾಡುತ್ತೇನೆ. ದೊಡ್ಡ ಹೆಸರೇನಲ್ಲ. ಆಕಾಶವಾಣಿ, ಒಂದಷ್ಟು ಧ್ವನಿಸುರುಳಿ, ಊರೂರಿನ ಕಾರ್ಯಕ್ರಮ ಅಂತ ನಾಲ್ಕು ಜನಕ್ಕೆ ಗೊತ್ತು. ವಿಕಿಪೀಡಿಯದಲ್ಲಿ ನನ್ನ ಹೆಸರಿನ ಪುಟವೊಂದಿದೆ. ನಾನು ಮಾಡಿಸಿದ್ದಲ್ಲ, ಯಾರು ಮಾಡಿದರೋ ಗೊತ್ತಿಲ್ಲ. ಹುಟ್ಟಿದ ವರ್ಷ ತಪ್ಪು. ನನಗೆ ಬಾರದ ಪ್ರಶಸ್ತಿಯೊಂದು ಸೇರಿಕೊಂಡಿದೆ, ಅದು ಹೋಗಲಿ ಬಿಡಿ. ಆದರೆ ‘ಪತಿಯಿಂದ ವಿಚ್ಛೇದನ ಪಡೆದಿದ್ದಾರೆ’ ಎಂದು ಬರೆದಿದ್ದಾರೆ. ನಮ್ಮ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಹಾಸಿಗೆ ಹಿಡಿದಾಗಿನಿಂದ ಕೊನೆಯ ದಿನದವರೆಗೂ ನಾನೇ ಕೈಯಾರೆ ಮಾಡಿದ್ದೇನೆ. ಈಗ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಮಾತುಕತೆಗೆ ಬಂದ ಗಂಡಿನ ಕಡೆಯವರೊಬ್ಬರು ಮೊಬೈಲು ಮುಂದೆ ಹಿಡಿದು, ‘ಇದೇನು ಹೀಗಿದೆಯಲ್ಲ?’ ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಗ ಆ ಸಾಲನ್ನು ಅಳಿಸಿದ, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮತ್ತೆ ಅಳಿಸಿದ, ಮತ್ತೆ ಬಂತು. ಕೊನೆಗೆ ಅವನಿಗೇ ಎಚ್ಚರಿಕೆ ಕೊಟ್ಟಿದ್ದಾರೆ. ಯಾವುದೋ ಹಳೆಯ ಸಂದರ್ಶನ ಆಧಾರವಂತೆ, ಅದು ನನ್ನದೇ ಅಲ್ಲ. ನನ್ನ ಬಗ್ಗೆ ನನಗೇ ಗೊತ್ತಿಲ್ಲವಾ? ಯಾರೋ ಒಬ್ಬರು ಫೋನ್ ಮಾಡಿ, ಇಪ್ಪತ್ತೈದು ಸಾವಿರ ಕೊಟ್ಟರೆ ಸರಿ ಮಾಡಿಸುತ್ತೇವೆ ಎನ್ನುತ್ತಿದ್ದಾರೆ. ಕೊಡಲೇ? ಕೇಸು ಹಾಕಲೇ? ರಾತ್ರಿ ಎಚ್ಚರವಾದರೆ ಅದೇ ಪುಟ ತೆಗೆದು ನೋಡುತ್ತೇನೆ.
ಹೆಸರು, ಊರು ಬೇಡ

ಉತ್ತರ: ನಿಮ್ಮ ಪತ್ರವನ್ನು ಓದಿದವರು ಯಾರೂ ‘ಇಂಟರ್ನೆಟ್ಟಿನಲ್ಲಿ ಯಾರೋ ಏನೋ ಬರೆದರೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು’ ಎಂದು ಹೇಳಲಾರರು ಎಂದುಕೊಂಡಿದ್ದೇನೆ. ಹಾಗೆ ಹೇಳುವವರು ಮನೆಯಲ್ಲೋ ನೆಂಟರಲ್ಲೋ ಇದ್ದರೆ ಅವರ ಮಾತಿಗೆ ಸದ್ಯಕ್ಕೆ ಕಿವಿಗೊಡಬೇಡಿ. ಕೈಹಿಡಿದವರ ಕೊನೆಗಾಲದಲ್ಲಿ ಔಷಧಿ ಕುಡಿಸಿ, ಮಗ್ಗುಲು ಬದಲಿಸಿ, ರಾತ್ರಿಯೆಲ್ಲ ಎದ್ದು ಕೂತ ಹೆಂಡತಿಗೆ ‘ನೀನು ಅವರನ್ನು ಬಿಟ್ಟವಳು’ ಎಂದು ಊರ ಮುಂದೆ ಹೇಳಿದರೆ ಆಗುವ ನೋವು ಇದು. ಹೇಳಿದ್ದು ಮನುಷ್ಯರಲ್ಲ, ಒಂದು ಪುಟ ಎಂಬುದರಿಂದ ನೋವು ಕಡಿಮೆಯಾಗುವುದಿಲ್ಲ. ಮನುಷ್ಯರಾಗಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು.

ನಿಮ್ಮ ಸಂಕಟದಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಒಂದು, ಆ ಸುಳ್ಳು. ಇನ್ನೊಂದು, ಅದನ್ನು ಸುಳ್ಳು ಎಂದು ನೀವು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ ಎಂಬ ಅವಮಾನ. ಎರಡನೆಯದೇ ನಿಮ್ಮನ್ನು ಹೆಚ್ಚು ಸುಡುತ್ತಿದೆ ಎಂದು ನನಗನ್ನಿಸುತ್ತದೆ. ನಿಮ್ಮ ಪತ್ರದಲ್ಲಿ ನೀವು ಕೇಳಿದ ಪ್ರಶ್ನೆಯೂ ಅದೇ.

ಇಲ್ಲೊಂದು ಮಾತನ್ನು ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ. ಈ ಅಂಕಣವನ್ನು ವಿಚ್ಛೇದನ ಪಡೆದ ಹೆಣ್ಣುಮಕ್ಕಳೂ ಓದುತ್ತಾರೆ. ವಿಚ್ಛೇದನ ನಾಚಿಕೆಪಡುವ ಸಂಗತಿಯಲ್ಲ. ನಿಮಗೆ ನೋವಾಗಿರುವುದು ಆ ಶಬ್ದದಿಂದಲ್ಲ, ನಿಮ್ಮ ದಾಂಪತ್ಯಕ್ಕೆ ಬೇರೆಯವರ ಕಥೆ ಅಂಟಿಸಿದ್ದರಿಂದ. ನಾಳೆ ಯಾರೊಡನೆ ಮಾತಾಡುವಾಗಲೂ ‘ಛೇ, ನಾನು ಅಂಥವಳಲ್ಲ’ ಎನ್ನುವುದಕ್ಕಿಂತ ‘ಅದು ನನ್ನ ಬದುಕಲ್ಲ’ ಎಂದರೆ ಮಾತಿಗೂ ತೂಕ, ನಿಮ್ಮ ಮನಸ್ಸಿಗೂ ಹಗುರ.

ಈ ಸ್ಥಿತಿ ನಿಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಜಾನ್ ಸೀಗೆಂಥಾಲರ್ ಎಂಬ ಹಿರಿಯ ಪತ್ರಕರ್ತರಿದ್ದರು. 1960ರ ದಶಕದ ಮೊದಲಲ್ಲಿ ಅಧ್ಯಕ್ಷ ಕೆನಡಿಯವರ ತಮ್ಮ ರಾಬರ್ಟ್ ಕೆನಡಿಯವರ ಆಪ್ತ ಸಹಾಯಕರಾಗಿದ್ದವರು. 2005ರ ಮೇ ತಿಂಗಳಲ್ಲಿ ಯಾರೋ ಕಿಡಿಗೇಡಿ ವಿಕಿಪೀಡಿಯದಲ್ಲಿ ಅವರ ಬಗ್ಗೆ ಬರೆದದ್ದೇನು ಗೊತ್ತೆ? ಕೆನಡಿ ಸಹೋದರರಿಬ್ಬರ ಕೊಲೆಯಲ್ಲಿ ಇವರ ಕೈವಾಡವಿದೆ ಎಂದು ಒಮ್ಮೆ ಶಂಕಿಸಲಾಗಿತ್ತು, ಇವರು ಹಲವು ವರ್ಷ ಸೋವಿಯತ್ ಒಕ್ಕೂಟದಲ್ಲಿದ್ದರು ಎಂದು. ರಾಬರ್ಟ್ ಕೆನಡಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬರು ಈ ಸೀಗೆಂಥಾಲರ್! ಆ ಸುಳ್ಳು ಕಣ್ಣಿಗೆ ಬಿದ್ದಾಗ ಅವರಿಗೆ 78 ವರ್ಷ. ಆ ಬರಹ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೇ ಇತ್ತು. ಗೆಳೆಯನ ಸಾವಿಗೆ ಕಣ್ಣೀರಿಟ್ಟವನನ್ನೇ ಕೊಲೆಗಾರನ ಸಾಲಿನಲ್ಲಿ ನಿಲ್ಲಿಸಿದರೆ ಹೇಗಿರುತ್ತದೆ ಎಂಬುದು ಬೇರೆ ಯಾರಿಗಿಂತಲೂ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಅವರು ಮೊಕದ್ದಮೆ ಹೂಡಲಿಲ್ಲ. ಆ ವರ್ಷದ ನವೆಂಬರಿನಲ್ಲಿ ‘ಯುಎಸ್‌ಎ ಟುಡೇ’ ಪತ್ರಿಕೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದರು. ಗದ್ದಲವೆದ್ದಿತು. ಸಹೋದ್ಯೋಗಿಗೆ ತಮಾಷೆ ಮಾಡಲು ಹೋಗಿ ಹಾಗೆ ಬರೆದೆ ಎಂದು ಒಬ್ಬಾತ ಒಪ್ಪಿಕೊಂಡ, ಕೆಲಸವನ್ನೂ ಬಿಟ್ಟ. ಅವನನ್ನು ವಾಪಸು ಸೇರಿಸಿಕೊಳ್ಳಿ ಎಂದು ಮಾಲೀಕರಿಗೆ ಹೇಳಿದವರೂ ಸೀಗೆಂಥಾಲರ್ ಅವರೇ. ಆ ಪ್ರಕರಣದ ಬಿಸಿಯಲ್ಲೇ ಬದುಕಿರುವ ವ್ಯಕ್ತಿಗಳ ಬಗ್ಗೆ ಬರೆಯುವಾಗ ಪಾಲಿಸಬೇಕಾದ ಕಟ್ಟುನಿಟ್ಟಿನ ನಿಯಮ ವಿಕಿಪೀಡಿಯದಲ್ಲಿ ರೂಪುಗೊಂಡಿತು. ಬದುಕಿರುವವರ ಬಗ್ಗೆ ವಿವಾದಾಸ್ಪದವಾದದ್ದು ಏನೇ ಇದ್ದರೂ, ಅದಕ್ಕೆ ನಂಬತಕ್ಕ ಆಧಾರವಿಲ್ಲದಿದ್ದರೆ ಚರ್ಚೆಗೂ ಕಾಯದೆ ತಕ್ಷಣ ತೆಗೆಯಬೇಕು ಎನ್ನುವುದು ಅದರ ತಿರುಳು. ಅಂದರೆ ನಿಯಮ ನಿಮ್ಮ ಪರವಾಗಿಯೇ ಇದೆ. ಆದರೆ ಅದನ್ನು ಕೇಳಬೇಕಾದ ಕಡೆ, ಕೇಳಬೇಕಾದ ರೀತಿಯಲ್ಲಿ ಇನ್ನೂ ಯಾರೂ ಕೇಳಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಬಗ್ಗೆ ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ನಿಮ್ಮ ಮಗ ಆ ಸಾಲನ್ನು ಅಳಿಸಿದಾಗ ಆ ಕಡೆ ಕೂತು ವಾಪಸು ಹಾಕಿದವರು ಯಾರು ಎಂದು ಒಂದು ಗಳಿಗೆ ಯೋಚಿಸಿ. ಸಂಬಳವಿಲ್ಲದೆ ಬಿಡುವಿನಲ್ಲಿ ಈ ಕೆಲಸ ಮಾಡುವ ಒಬ್ಬ ಸ್ವಯಂಸೇವಕ, ಕಾಲೇಜು ಹುಡುಗನೂ ಇರಬಹುದು, ನಿವೃತ್ತ ಮೇಷ್ಟರೂ ಇರಬಹುದು. ಅವರಿಗೆ ಕಂಡದ್ದಿಷ್ಟೇ: ಹೆಸರು ಗೊತ್ತಿಲ್ಲದ ಒಂದು ಖಾತೆ ಬಂತು, ಆಧಾರ ಕೊಟ್ಟಿದ್ದ ಒಂದು ಸಾಲನ್ನು ಕಾರಣ ಹೇಳದೆ ಅಳಿಸಿತು. ಅದು ನಿಮ್ಮ ಮಗನೋ, ನಿಮ್ಮ ಮೇಲೆ ಹಗೆಯಿರುವವರೋ ಅವರಿಗೆ ತಿಳಿಯುವ ದಾರಿಯಿಲ್ಲ. ‘ನಾನೇ ಆ ಗಾಯಕಿ’ ಎಂದು ಹೇಳಿಕೊಂಡವರ ಮಾತನ್ನೆಲ್ಲ ಅವರು ನಂಬುವ ಹಾಗಿದ್ದರೆ, ನಾಳೆ ಯಾರು ಬೇಕಾದರೂ ನಿಮ್ಮ ಹೆಸರು ಹೇಳಿಕೊಂಡು ಇನ್ನೂ ಕೆಟ್ಟದ್ದನ್ನು ಬರೆಯಬಹುದಿತ್ತು. ಇಂದು ನಿಮ್ಮನ್ನು ಬಾಗಿಲಲ್ಲೇ ತಡೆದ ಕಾವಲುಗಾರ ನಾಳೆ ಅಂಥವರನ್ನೂ ತಡೆಯುತ್ತಾನೆ.

ಆ ಪುಟ ನಿಮ್ಮ ಬದುಕನ್ನು ನೋಡಿ ಬರೆದದ್ದಲ್ಲ. ಎಲ್ಲೋ ಅಚ್ಚಾದದ್ದನ್ನು ನೋಡಿ ಬರೆದದ್ದು. ಆದ್ದರಿಂದ ಸತ್ಯ ನಿಮ್ಮ ಹತ್ತಿರ ಇದ್ದರೆ ಸಾಲದು, ಅದು ಎಲ್ಲಾದರೂ ಅಚ್ಚಾಗಿರಬೇಕು. ಇದು ಒರಟಾಗಿ ಕೇಳಿಸುತ್ತದೆ, ನನಗೂ ಗೊತ್ತು. ದೊಡ್ಡ ದೊಡ್ಡವರೇ ಇದಕ್ಕೆ ತಲೆ ಚಚ್ಚಿಕೊಂಡಿದ್ದಾರೆ. ಫಿಲಿಪ್ ರಾತ್ ಎಂಬ ಅಮೆರಿಕನ್ ಕಾದಂಬರಿಕಾರರು ತಮ್ಮದೇ ಕಾದಂಬರಿಯೊಂದಕ್ಕೆ ಪ್ರೇರಣೆ ಯಾರು ಎಂದು ವಿಕಿಪೀಡಿಯ ತಪ್ಪಾಗಿ ಹೇಳಿದ್ದನ್ನು ತಿದ್ದಿಸಲು ಹೋದರು. ನೀವು ಹೇಳಿದರೆ ಸಾಲದು, ಬೇರೆ ಆಧಾರ ಬೇಕು ಎಂಬ ಉತ್ತರ ಬಂತು. ಬರೆದವನಿಗೇ! 2012ರಲ್ಲಿ ಅವರು ‘ನ್ಯೂಯಾರ್ಕರ್’ ಪತ್ರಿಕೆಯ ತಾಣದಲ್ಲಿ ಒಂದು ಉದ್ದನೆಯ ಬಹಿರಂಗ ಪತ್ರ ಪ್ರಕಟಿಸಿದರು. ಅದು ಪ್ರಕಟವಾದ ಮೇಲೆ ಅದೇ ಆಧಾರವಾಯಿತು.

ನಿಮ್ಮದಕ್ಕೆ ಇನ್ನೂ ಹತ್ತಿರವಾದದ್ದು ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ ಎಂಬ ಕೆನಡಾ ಮೂಲದ ಲೇಖಕಿಯದು. ನಿಮ್ಮ ಕಥೆಯ ತಿರುಗುಮುರುಗು. ಆಕೆಗೆ ವಿಚ್ಛೇದನವಾಗಿತ್ತು, ಪುಟ ಮಾತ್ರ ಇನ್ನೂ ‘ವಿವಾಹಿತೆ’ ಎನ್ನುತ್ತಿತ್ತು. 2022ರ ಡಿಸೆಂಬರಿನಲ್ಲಿ ಆಕೆ ಟ್ವಿಟರಿನಲ್ಲಿ ಕೇಳಿದ್ದಿಷ್ಟು: ಯಾರಾದರೂ ಪತ್ರಕರ್ತರು ನನ್ನನ್ನು ಸಂದರ್ಶನ ಮಾಡಿ, ನಿಮಗೆ ವಿಚ್ಛೇದನವಾಗಿದೆಯೇ ಎಂದು ಕೇಳುತ್ತೀರಾ? ‘ಸ್ಲೇಟ್’ ಪತ್ರಿಕೆ ಕೇಳಿತು, ಆಕೆ ಹೌದು ಎಂದರು, ಪುಟ ಸರಿಯಾಯಿತು. ಓದುವಾಗ ನಗು ಬರುತ್ತದೆ. ಆದರೆ ಕೆಲಸ ಮುಗಿಸಿದ್ದು ಬೈಗುಳವಲ್ಲ, ಅಳಿಸುವ ಬರೆಯುವ ಕುಸ್ತಿಯಲ್ಲ, ಅಚ್ಚಾದ ಒಂದು ಉತ್ತರ ಎನ್ನುವುದನ್ನು ಗಮನಿಸಿ.

ನಿಮ್ಮ ವಿಷಯದಲ್ಲಿ ನೀವು ಸಂದರ್ಶನ ಕೊಡಬೇಕಾಗಿಯೂ ಬರಲಾರದು. ನಿಮ್ಮ ಯಜಮಾನರು ತೀರಿಕೊಂಡಾಗ ನಿಮ್ಮೂರಿನ ಪತ್ರಿಕೆಯಲ್ಲಿ, ಜಿಲ್ಲಾ ಪುಟದಲ್ಲಿ, ‘ನಿಧನ’ ಎಂಬ ತಲೆಬರಹದ ಕೆಳಗೆ ನಾಲ್ಕು ಸಾಲು ಬಂದಿತ್ತೇ? ಬಂದಿದ್ದರೆ ಅದರ ಕೊನೆ ಹೇಗಿರುತ್ತದೆ ಎಂದು ನಮಗೆಲ್ಲ ಬಾಯಿಪಾಠ: ‘ಮೃತರಿಗೆ ಪತ್ನಿ, ಒಬ್ಬ ಪುತ್ರ, ಒಬ್ಬ ಪುತ್ರಿ ಇದ್ದಾರೆ.’ ನೀವು ಹಾಡುವವರಾದ್ದರಿಂದ ‘ಪತ್ನಿ, ಗಾಯಕಿ’ ಎಂದು ಹೆಸರನ್ನೂ ಹಾಕಿರುವ ಸಂಭವವೇ ಹೆಚ್ಚು. ಆ ಒಂದು ಸಾಲು ನಿಮಗೆ ಬೇಕಾದ ಆಧಾರ. ನಗರಪಾಲಿಕೆ ಕೊಟ್ಟ ಮರಣ ಪ್ರಮಾಣಪತ್ರ, ಮದುವೆಯ ನೋಂದಣಿ ಪತ್ರ, ಆಧಾರ್ ಕಾರ್ಡು ಇವೆಲ್ಲ ಬ್ಯಾಂಕಿನಲ್ಲಿ, ಕಚೇರಿಯಲ್ಲಿ ನಡೆಯುತ್ತವೆ. ಇಲ್ಲಿ ನಡೆಯುವುದಿಲ್ಲ. ಬದುಕಿರುವವರ ಬಗ್ಗೆ ಇಂಥ ದಾಖಲೆಗಳನ್ನು ಅಗೆದು ತೆಗೆದು ಬರೆಯಬಾರದು ಎಂಬ ನಿಯಮವೇ ಇದೆ, ಅದೂ ನಿಮ್ಮಂಥವರ ರಕ್ಷಣೆಗೇ. ಪತ್ರಿಕೆಯ ತುಣುಕು ಕನ್ನಡದಲ್ಲಿದ್ದರೆ ಅಡ್ಡಿಯಿಲ್ಲ, ಇಂಟರ್ನೆಟ್ಟಿನಲ್ಲಿ ಸಿಗದಿದ್ದರೂ ಅಡ್ಡಿಯಿಲ್ಲ. ಪತ್ರಿಕೆಯ ಹೆಸರು, ತಾರೀಖು, ಯಾವ ಆವೃತ್ತಿ, ಎಷ್ಟನೇ ಪುಟ, ಇಷ್ಟು ಹೇಳಿದರೆ ಸಾಕು. ನೀವೇ ದುಡ್ಡು ಕೊಟ್ಟು ಹಾಕಿಸಿದ ಶ್ರದ್ಧಾಂಜಲಿ ಜಾಹೀರಾತಿಗಿಂತ ಪತ್ರಿಕೆಯವರೇ ಬರೆದ ಸುದ್ದಿಗೆ ಬೆಲೆ ಹೆಚ್ಚು. ಮೂರು ವರ್ಷದ ಹಿಂದಿನ ಆ ತುಣುಕು ನಿಮ್ಮ ಬೀರುವಿನಲ್ಲೇ ಇರಬಹುದು. ತೆಗೆಯಲು ಮನಸ್ಸು ಒಪ್ಪದಿದ್ದರೆ ಮಗಳಿಗೆ ಹೇಳಿ, ಅವಳು ಹುಡುಕಲಿ.

ಇನ್ನು ಆ ‘ಹೋಗಲಿ ಬಿಡಿ’ ಎಂದ ಪ್ರಶಸ್ತಿ. ಅದನ್ನು ಹೋಗಲು ಬಿಡಬೇಡಿ, ನಿಮ್ಮ ಸಮಸ್ಯೆಯ ಬೀಗದ ಕೈ ಅಲ್ಲೇ ಇದೆ. ನಿಮ್ಮದಲ್ಲದ ಪ್ರಶಸ್ತಿ, ನಿಮ್ಮದಲ್ಲದ ವಿಚ್ಛೇದನ, ನಿಮ್ಮದಲ್ಲದ ಸಂದರ್ಶನ ಮೂರೂ ಒಬ್ಬರವೇ ಇರಬೇಕು. ನಿಮ್ಮದೇ ಹೆಸರಿನ ಇನ್ನೊಬ್ಬ ಹಾಡುಗಾರ್ತಿ ಇದ್ದಾರೆಯೇ? ಕರ್ನಾಟಕದಲ್ಲಿ ಒಂದೇ ಹೆಸರು, ಒಂದೇ ಇನಿಷಿಯಲ್ಲಿನ ಇಬ್ಬರು ಕಲಾವಿದರು ಸಿಗುವುದು ಎಷ್ಟು ಸಾಮಾನ್ಯ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಿದ್ದರೆ ಇಲ್ಲಿ ಯಾರೂ ನಿಮ್ಮ ಮೇಲೆ ಕತ್ತಿ ಮಸೆದಿಲ್ಲ. ಇಬ್ಬರ ಬದುಕನ್ನು ಒಂದೇ ಪುಟಕ್ಕೆ ಸುರಿದಿದ್ದಾರೆ, ಅಷ್ಟೆ. ಈ ವಿವರಣೆಯನ್ನು ಕೇಳಿದ ವಿಕಿಪೀಡಿಯದ ಸಂಪಾದಕರು ತಕ್ಷಣ ಕಿವಿ ನಿಮಿರಿಸುತ್ತಾರೆ, ಏಕೆಂದರೆ ಅವರು ದಿನಾ ನೋಡುವ ತಪ್ಪು ಇದು. ತನಗೆ ಮುಜುಗರವಾಗುವುದನ್ನು ತೆಗೆಯಿರಿ ಎನ್ನುವವರು ನೂರು ಜನ. ತನಗೆ ಗೌರವ ತರುವ ಪ್ರಶಸ್ತಿಯನ್ನೂ ತೆಗೆಯಿರಿ, ಅದು ನನ್ನದಲ್ಲ ಎನ್ನುವವರು ಅಪರೂಪ. ನಿಮ್ಮ ಮಾತನ್ನು ನಂಬಲು ಅವರಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇಡ. ಆ ಇನ್ನೊಬ್ಬಾಕೆಯನ್ನೂ ನೆನೆಯಿರಿ. ದುಡಿದು ಪಡೆದ ಪ್ರಶಸ್ತಿ ಬೇರೆಯವರ ಹೆಸರಿನಲ್ಲಿ ಕೂತಿರುವುದು ಅವರಿಗೂ ನೋವೇ. ಪತ್ರದಲ್ಲಿ ಅವರ ಸಂಸಾರದ ವಿಷಯ ಎತ್ತಬೇಡಿ. ‘ಆ ಸಂದರ್ಶನ ಇದೇ ಹೆಸರಿನ ಮತ್ತೊಬ್ಬರದು’ ಎಂದರೆ ಸಾಕು.

ಹುಟ್ಟಿದ ವರ್ಷದ ಬಗ್ಗೆ ಮಾತ್ರ ಒಂದು ಸಣ್ಣ ಅನುಮಾನ. ಶಾಲೆಗೆ ಸೇರಿಸುವಾಗ ಮೇಷ್ಟರು ವಯಸ್ಸು ಸರಿಹೊಂದಿಸಲು ಜೂನ್ ಒಂದೋ, ಇನ್ನೊಂದೋ ಬರೆದುಕೊಂಡ ತಲೆಮಾರು ನಿಮ್ಮದು. ದಾಖಲೆಯಲ್ಲಿ ಒಂದು, ಅಮ್ಮ ಹೇಳಿದ್ದು ಇನ್ನೊಂದು. ಪುಟದಲ್ಲಿರುವುದು ಎಲ್ಲಿಂದ ಬಂತು ಎಂದು ಮೊದಲು ನೋಡಿ. ವಿಕಿಪೀಡಿಯ ಹುಟ್ಟುಹಾಕಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಅವರಿಗೇ ಈ ಕಾಟ ತಪ್ಪಿಲ್ಲ. ಅವರು 1966ರ ಆಗಸ್ಟ್ 7ರ ನಡುರಾತ್ರಿಗೆ ಸ್ವಲ್ಪ ಮುಂಚೆ ಹುಟ್ಟಿದ್ದು, ಜನನ ಪತ್ರದಲ್ಲಿ ಇರುವುದು 8. ನಿಮಗೆ ಪೂರ್ತಿ ತಾರೀಖು ಅಲ್ಲಿರುವುದೇ ಬೇಡವೆಂದರೆ ವರ್ಷವನ್ನಷ್ಟೇ ಉಳಿಸಿ ಎಂದು ಕೇಳಬಹುದು, ಸಾಮಾನ್ಯವಾಗಿ ಒಪ್ಪುತ್ತಾರೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ಪತ್ರದಲ್ಲೇ ಎಲ್ಲವನ್ನೂ ತುಂಬಿದರೆ ಮುಖ್ಯವಾದದ್ದು ಅಡಿಗೆ ಬೀಳುತ್ತದೆ.

ಈಗ ಮಾಡಬೇಕಾದದ್ದು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಗಲು ಹೊತ್ತಿನಲ್ಲಿ ಒಮ್ಮೆ ಆ ಪುಟ ತೆರೆಯಿರಿ. ಮೊದಲು ಅದು ಇಂಗ್ಲಿಷ್ ವಿಕಿಪೀಡಿಯವೋ ಕನ್ನಡದ್ದೋ ನೋಡಿ. ಎರಡೂ ಬೇರೆ ಬೇರೆ. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ಸರಿಯಾಗುವುದಿಲ್ಲ. ಆ ಸಾಲಿನ ತುದಿಯಲ್ಲಿ ಪುಟ್ಟ ಅಂಕಿ ಇರುತ್ತದೆ, ಅದನ್ನು ಒತ್ತಿದರೆ ಯಾವ ಆಧಾರ ಎಂದು ತೋರಿಸುತ್ತದೆ. ಆ ಸಂದರ್ಶನವನ್ನು ಪೂರ್ತಿ ಓದಿ. ಅದರಲ್ಲಿರುವ ಊರು, ಗುರುಗಳ ಹೆಸರು, ಹಾಡಿದ ಧ್ವನಿಸುರುಳಿ ಯಾವುದಾದರೂ ನಿಮ್ಮದಲ್ಲ ಎಂದು ತೋರಿಸುವಂತಿದ್ದರೆ ಗುರುತು ಹಾಕಿಕೊಳ್ಳಿ. ಮೇಲೆ ‘ಇತಿಹಾಸ’ ಎಂಬ ಕೊಂಡಿಯಿದೆ. ಆ ಸಾಲು ಎಂದು ಸೇರಿತು ಎಂಬುದು ಅಲ್ಲಿ ತಾರೀಖು ಸಮೇತ ಸಿಗುತ್ತದೆ. ಇದು ಮುಖ್ಯ. ಏಕೆಂದರೆ ಪುಟದಲ್ಲಿ ತಪ್ಪು ಬಂದ ಮೇಲೆ ಯಾವುದಾದರೂ ಜಾಲತಾಣ ಅದನ್ನು ನೋಡಿ ನಕಲು ಮಾಡಿರುತ್ತದೆ, ಆಮೇಲೆ ಆ ನಕಲನ್ನೇ ‘ನೋಡಿ, ಇಲ್ಲೂ ಇದೆ’ ಎಂದು ಆಧಾರವಾಗಿ ತೋರಿಸುವವರು ಹುಟ್ಟಿಕೊಳ್ಳುತ್ತಾರೆ. ತಾರೀಖು ಕೈಯಲ್ಲಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತೋರಿಸಬಹುದು.

ಬಳಿಕ ಪುಟದ ‘ಚರ್ಚೆ’ ಎಂಬ ಭಾಗಕ್ಕೆ ಹೋಗಿ. ಪುಟವನ್ನು ಮುಟ್ಟಬೇಡಿ, ಚರ್ಚೆಯಲ್ಲಿ ಮಾತ್ರ ಬರೆಯಿರಿ. ಉದಾಹರಣೆಗೆ ಹೀಗೆ:

‘ನಮಸ್ಕಾರ. ಈ ಪುಟ ನನ್ನ ಕುರಿತದ್ದು, ಹಾಗಾಗಿ ನಾನೇ ತಿದ್ದುತ್ತಿಲ್ಲ. ಹಿಂದೆ ನನ್ನ ಮಗ ನಿಯಮ ತಿಳಿಯದೆ ತಿದ್ದಿದ್ದಾನೆ. ವೈಯಕ್ತಿಕ ಬದುಕಿನ ಭಾಗದಲ್ಲಿರುವ ವಿಚ್ಛೇದನದ ಸಾಲು ಮತ್ತು ಇಂಥ ಪ್ರಶಸ್ತಿಯ ಸಾಲು ತಪ್ಪು. ಅವುಗಳಿಗೆ ಕೊಟ್ಟಿರುವ ಸಂದರ್ಶನ ಇದೇ ಹೆಸರಿನ ಮತ್ತೊಬ್ಬ ಗಾಯಕಿಯದು. ಅದರಲ್ಲಿರುವ ಊರು ಮತ್ತು ಗುರುಗಳ ಹೆಸರು ನೋಡಿದರೆ ತಿಳಿಯುತ್ತದೆ. ನನ್ನ ಪತಿ ನಿಧನರಾದ ಸುದ್ದಿ ಇಂಥ ಪತ್ರಿಕೆಯ ಇಂಥ ದಿನದ ಸಂಚಿಕೆಯಲ್ಲಿದೆ. ದಯವಿಟ್ಟು ಪರಿಶೀಲಿಸಿ ಎರಡೂ ಸಾಲು ತೆಗೆಯಿರಿ.’

ಇಷ್ಟೇ. ನಿಮ್ಮ ದುಃಖವನ್ನು ಅಲ್ಲಿ ಬರೆಯಬೇಡಿ. ಅದಕ್ಕೆ ಬೆಲೆಯಿಲ್ಲವೆಂದಲ್ಲ, ಅಲ್ಲಿ ಬರೆದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಬಹುಕಾಲ ಉಳಿಯುತ್ತದೆ. ಫೋನ್ ನಂಬರು, ವಿಳಾಸ, ದಾಖಲೆಯ ಫೋಟೊ ಯಾವುದನ್ನೂ ಅಲ್ಲಿ ಹಾಕಬೇಡಿ. ಕನ್ನಡ ವಿಕಿಪೀಡಿಯ ಆದರೆ ಅಲ್ಲಿ ‘ಅರಳಿ ಕಟ್ಟೆ’ ಎಂಬ ಸಾರ್ವಜನಿಕ ಚರ್ಚೆಯ ಜಾಗವಿದೆ. ಅಲ್ಲಿ ಸಕ್ರಿಯರಾಗಿರುವವರು ಬೆರಳೆಣಿಕೆಯಷ್ಟು. ನಿಮ್ಮ ಪುಟದ ಚರ್ಚೆಯನ್ನು ಯಾರೂ ಗಮನಿಸದಿದ್ದರೆ ಕಟ್ಟೆಯಲ್ಲಿ ಒಂದು ಸಾಲು ಹಾಕಿ, ಯಾರಾದರೂ ಬರುತ್ತಾರೆ. ಇಂಗ್ಲಿಷಿನಲ್ಲಿ ಬದುಕಿರುವವರ ಪುಟಗಳ ದೂರಿಗೆಂದೇ ಪ್ರತ್ಯೇಕ ಫಲಕವಿದೆ. ಇದೆಲ್ಲ ಬಹಿರಂಗವಾಗಿ ಬೇಡವೆನಿಸಿದರೆ, ಪುಟದ ಅಂಚಿನಲ್ಲಿರುವ ಸಂಪರ್ಕ ಕೊಂಡಿಯಿಂದ ಇಮೇಲ್ ಬರೆಯಬಹುದು. ತರಬೇತಾದ ಸ್ವಯಂಸೇವಕರ ತಂಡವೊಂದು ಅದನ್ನು ಗೌಪ್ಯವಾಗಿ ನೋಡುತ್ತದೆ. ನೀವು ನೀವೇ ಎಂದು ತೋರಿಸಬೇಕಾದರೆ ಅಲ್ಲಿ ತೋರಿಸಿ.

ಬೇಗ ಉತ್ತರ ಬರದಿದ್ದರೆ ಎದೆಗುಂದಬೇಡಿ. 2022ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಕ್ರಿಕೆಟಿಗ ಅರ್ಶದೀಪ್ ಸಿಂಗ್ ಕ್ಯಾಚ್ ಕೈಬಿಟ್ಟ ರಾತ್ರಿ ಅವರ ಪುಟದಲ್ಲಿ ದೇಶದ್ರೋಹದ ಬಣ್ಣ ಬಳಿಯುವ ಸುಳ್ಳುಗಳನ್ನು ತುರುಕಿದ್ದರು. ನೋಡುವ ಕಣ್ಣು ಸಾವಿರಾರಿದ್ದವು, ಬೇಗನೆ ಸರಿಯಾಯಿತು. ಕೇಂದ್ರ ಸರ್ಕಾರದವರೆಗೂ ವಿಷಯ ಹೋಯಿತು. ನಿಮ್ಮ ಪುಟಕ್ಕೆ ದಿನಕ್ಕೆ ನಾಲ್ಕು ಜನ ಬರುತ್ತಾರೋ ಇಲ್ಲವೋ. ಜೊತೆಗೆ ನಿಮ್ಮ ಪುಟದಲ್ಲಿರುವುದು ಬೈಗುಳವಲ್ಲ, ನಿಜದಂತೆಯೇ ಕಾಣುವ ಒಂದು ತಣ್ಣನೆಯ ವಾಕ್ಯ. ಅಂಥವು ವರ್ಷಗಟ್ಟಲೆ ಕೂರುವುದು ಹೀಗೇ. ಎರಡು ವಾರ ಬಿಟ್ಟು ಅದೇ ಸೌಮ್ಯ ದನಿಯಲ್ಲಿ ಮತ್ತೊಮ್ಮೆ ನೆನಪಿಸಿ. ಪುಟ ಸರಿಯಾದ ಮೇಲೂ ಗೂಗಲ್ಲಿನ ಬಲಬದಿಯ ಚೌಕದಲ್ಲಿ ಹಳೆಯದೇ ಇದ್ದರೆ ಅದರ ಬುಡದಲ್ಲಿರುವ ಅಭಿಪ್ರಾಯದ ಕೊಂಡಿಯಿಂದ ತಿಳಿಸಿ.

ನಿಮ್ಮ ಮಗನಿಗೆ ಬೈಯಬೇಡಿ. ಅಮ್ಮನಿಗಾಗಿ ಅವನು ಮಾಡಿದ್ದು, ಅಪ್ಪನಿಗಾಗಿಯೂ. ಅದೇ ಹುಮ್ಮಸ್ಸಿನಲ್ಲಿ ಬೇರೆ ಹೆಸರಿನ ಖಾತೆ ತೆರೆದು ಮತ್ತೆ ಅಳಿಸಲು ಹೊರಟರೆ ಮಾತ್ರ ತಡೆಯಿರಿ. ಸಿಕ್ಕಿಬೀಳುತ್ತಾನೆ, ಆಮೇಲೆ ನಿಜ ಹೇಳಿದರೂ ಕೇಳುವವರಿರುವುದಿಲ್ಲ. 2005ರಲ್ಲಿ ಜಿಮ್ಮಿ ವೇಲ್ಸ್ ತಮ್ಮ ಪುಟವನ್ನು ತಾವೇ ತಿದ್ದಿಕೊಂಡು ಟೀಕೆಗೆ ಗುರಿಯಾಗಿ, ಹಾಗೆ ಮಾಡಬಾರದಿತ್ತು ಎಂದಿದ್ದರು. ಮನೆ ಯಜಮಾನನಿಗೇ ಇಲ್ಲದ ಸಲಿಗೆ ನಮಗೆಲ್ಲಿ?

ಇಪ್ಪತ್ತೈದು ಸಾವಿರ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತಪ್ಪು ತಿದ್ದಿಸಲು ವಿಕಿಪೀಡಿಯದಲ್ಲಿ ಶುಲ್ಕವೇ ಇಲ್ಲ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕೆಂಬ ನಿಯಮವಿದೆ, ಇಂಥವರು ಹೇಳಿಕೊಳ್ಳುವುದಿಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥದೇ ಜಾಲವೊಂದನ್ನು ಪತ್ತೆ ಹಚ್ಚಿ 381 ಖಾತೆಗಳನ್ನು ಮುಚ್ಚಿದರು. ಪುಟ ಉಳಿಸಿಕೊಡುತ್ತೇವೆ ಎಂದು ಜನರಿಂದ ಹಣ ಕೀಳುತ್ತಿದ್ದ ಜಾಲ ಅದು. ಒಮ್ಮೆ ಕೊಟ್ಟರೆ ತಿಂಗಳ ಬಾಡಿಗೆಯ ಹಾಗೆ ಮತ್ತೆ ಮತ್ತೆ ಬರುತ್ತಾರೆ. ಈಗಾಗಲೇ ಕೊಟ್ಟಿದ್ದರೆ, ಅಥವಾ ಬೆದರಿಕೆಯ ಧಾಟಿ ಕಂಡರೆ, 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಕೇಸಿನ ಮಾತು. ಆ ಹಕ್ಕು ನಿಮಗಿದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಆದರೆ ಚರ್ಚೆಯ ಪುಟದಲ್ಲಿ ‘ಕೋರ್ಟಿಗೆ ಎಳೆಯುತ್ತೇನೆ’ ಎಂದು ಬರೆಯಬೇಡಿ. ಹಾಗೆ ಬರೆದವರ ಖಾತೆಯನ್ನು ತಡೆಹಿಡಿಯುವುದು ಅಲ್ಲಿನ ಪದ್ಧತಿ, ಇದ್ದ ಬಾಗಿಲೂ ಮುಚ್ಚುತ್ತದೆ. ಮಾನನಷ್ಟದ ಸಿವಿಲ್ ದಾವೆಗೆ ಪ್ರಕಟವಾದಂದಿನಿಂದ ಒಂದು ವರ್ಷದ ಕಾಲಮಿತಿ ಇದೆ, ಆದ್ದರಿಂದ ವಕೀಲರ ಅಭಿಪ್ರಾಯವನ್ನು ಈಗಲೇ ಕೇಳಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ವಕೀಲರ ಫೀಸು ಭಾರವೆನಿಸಿದರೆ ನಿಮ್ಮ ಜಿಲ್ಲಾ ನ್ಯಾಯಾಲಯದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳು ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಕೇಳಬಹುದು, ಮಾನನಷ್ಟದ ದಾವೆಗೂ ಅದು ಸಿಗುತ್ತದೆಯೇ ಎಂದು ಅಲ್ಲೇ ವಿಚಾರಿಸಿ. ಸಹಾಯವಾಣಿ 15100. ಆದರೆ ಇದು ಇಬ್ಬರ ಹೆಸರು ಬೆರೆತು ಆದ ತಪ್ಪಾದರೆ ಕೋರ್ಟಿನ ಮೆಟ್ಟಿಲು ಬೇಕಾಗಲಾರದು ಎಂಬುದು ನನ್ನ ಅಂದಾಜು.

ಇದೇ ತೊಂದರೆಯಲ್ಲಿರುವ ಬೇರೆ ಓದುಗರಿಗೂ ಒಂದು ಮಾತು. ಪುಟದಲ್ಲಿ ಇರುವುದು ನಿಜ, ಆದರೆ ನಿಮಗೆ ಇಷ್ಟವಿಲ್ಲ, ಎನ್ನುವುದು ಬೇರೆ ಸಂಕಟ. ಅದಕ್ಕೆ ಈ ದಾರಿ ಅಲ್ಲ. ತಪ್ಪು ತಿದ್ದಿಸುವ ನೆಪದಲ್ಲಿ ನಾಲ್ಕು ಹೊಗಳಿಕೆ ಸೇರಿಸುವ ಆಸೆಯನ್ನೂ ಬಿಡಿ.

ರಾತ್ರಿಯ ವಿಷಯಕ್ಕೆ ಬರುತ್ತೇನೆ. ಎಚ್ಚರವಾದಾಗ ಆ ಪುಟ ತೆಗೆದು ನೋಡುತ್ತೀರಲ್ಲ, ಅಲ್ಲಿ ನೀವು ಹುಡುಕುತ್ತಿರುವುದು ತಿದ್ದುಪಡಿಯನ್ನಷ್ಟೇ ಅಲ್ಲ. ಮೂರು ವರ್ಷದ ದುಃಖ ಇನ್ನೂ ಹಸಿಯಾಗಿದೆ. ಅವರ ಜೊತೆ ಕಳೆದದ್ದು ನಿಜವೆಂದು ಯಾರಾದರೂ ಹೇಳಲಿ ಎಂದು ಮನಸ್ಸು ಕಾಯುತ್ತಿರಬಹುದು. ಅದನ್ನು ಹೇಳಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ. ಮಗ, ಮಗಳು, ಅವರನ್ನು ಕಂಡ ನೆಂಟರು, ಕಾರ್ಯಕ್ರಮಗಳಿಗೆ ನಿಮ್ಮನ್ನು ಅವರು ಕರೆತರುತ್ತಿದ್ದುದನ್ನು ನೋಡಿದ ಪಕ್ಕವಾದ್ಯದವರು. ಪುಟ ನೋಡುವ ಕೆಲಸವನ್ನು ಮಗನಿಗೆ ವಹಿಸಿ. ವಾರಕ್ಕೊಮ್ಮೆ ನೋಡಿ ಅವನು ನಿಮಗೆ ಹೇಳಲಿ. ಮೊಬೈಲು ಮಲಗುವ ಕೋಣೆಯ ಹೊರಗಿರಲಿ. ಇಷ್ಟಾದರೂ ಇನ್ನೆರಡು ವಾರ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಹಾಡಲು ಕೂತರೆ ದನಿಯೇ ಏಳದಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು. ಹಗಲಿರುಳು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಂಥದಕ್ಕೆಲ್ಲ ಫೋನ್ ಮಾಡುವುದೇ ಎಂದು ಹಿಂಜರಿಯಬೇಡಿ. ಇಂಥದಕ್ಕೇ ಅದು ಇರುವುದು.

ಗಂಡಿನ ಕಡೆಯವರ ವಿಷಯದಲ್ಲಿ ಪುಟ ಸರಿಯಾಗಲಿ ಎಂದು ಕಾಯಬೇಡಿ. ಅವರು ಕೇಳಿದ್ದು ಒರಟಾಗಿದ್ದರೂ, ಬೆನ್ನ ಹಿಂದೆ ಆಡಿಕೊಳ್ಳದೆ ಎದುರಿಗೇ ಕೇಳಿದರಲ್ಲ, ಅದು ಒಳ್ಳೆಯದೇ. ಮನೆಯ ಹಿರಿಯರೊಬ್ಬರಿಂದ ಫೋನ್ ಮಾಡಿಸಿ, ಅಥವಾ ನೀವೇ ಮಾಡಿ: ‘ಅದು ಬೇರೆಯವರ ವಿಷಯ, ನನ್ನ ಹೆಸರಿಗೆ ಸೇರಿಕೊಂಡಿದೆ, ತಿದ್ದಿಸುತ್ತಿದ್ದೇವೆ’ ಎಂದಷ್ಟೇ ಹೇಳಿ. ಯಜಮಾನರ ನಿಧನದ ಸುದ್ದಿಯ ತುಣುಕು ಸಿಕ್ಕರೆ ಅದರ ಫೋಟೊವನ್ನು ಅವರಿಗೂ ಕಳಿಸಬಹುದು, ಕಳಿಸಲೇಬೇಕೆಂದಿಲ್ಲ. ಈ ಸಂಬಂಧ ಬೇಕೋ ಬೇಡವೋ ಎಂಬ ಮಾತನ್ನು ಮಗಳೂ ನೀವೂ ಆಮೇಲೆ ಕೂತು ಆಡಿ. ಮೊಬೈಲಿನಲ್ಲಿ ಓದಿದ್ದಕ್ಕಿಂತ ಎದುರು ಕೂತವರ ಮಾತನ್ನು ನಂಬುವ ಮನೆಯವರೇ ಎನ್ನುವುದು ಅಷ್ಟರಲ್ಲಿ ಅವಳಿಗೂ ಗೊತ್ತಾಗಿರುತ್ತದೆ.